ಏರ್‌ಪೋರ್ಟ್ ತಿರುವಿನಲ್ಲಿ ಅತ್ತೆ

ನಮ್ಮ ಅತ್ತೆಯ ಎಡಗಣ್ಣಿನಲ್ಲಿ ಕಪ್ಪು ಎನ್ನುವುದೇ ಇರಲಿಲ್ಲ. ಚಿಕ್ಕಂದಿನಲ್ಲಿ ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಬಿದ್ದು, ಯಾರೋ ಸೊಪ್ಪಿನ ರಸ ಹಿಂಡಿ, ಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಕೂತುಬಿಟ್ಟಿತ್ತು. ಬೆಳಕು ಕತ್ತಲೆ ಬಿಟ್ಟರೆ ಆ ಕಣ್ಣಿಗೆ ಬೇರೇನೂ ತಿಳಿಯುತ್ತಿರಲಿಲ್ಲ. ಹಾಗಾಗಿ ಯಾರನ್ನೇ ಮಾತಾಡಿಸುವಾಗಲೂ ಅವಳು ಕೋಳಿ ಕಾಳು ನೋಡುವ ಹಾಗೆ ತಲೆ ವಾರೆ ಮಾಡಿ ಬಲಗಣ್ಣನ್ನು ಮುಂದೆ ತರುತ್ತಿದ್ದಳು. ಹಾಗೆ ನೋಡುತ್ತಿರುವವಳ ಮುಂದೆ ಸುಳ್ಳು ಹೇಳುವುದು ಕಷ್ಟ. ನಾನು ಎಷ್ಟೋ ಸಲ ಪ್ರಯತ್ನಪಟ್ಟು ಸಿಕ್ಕಿಬಿದ್ದಿದ್ದೇನೆ.

ಅವಳು ನನ್ನ ಅಪ್ಪನ ಅಕ್ಕ. ಅವಲಪಲ್ಲಿಯಲ್ಲಿ ಸೈಟುಗಳು ಮುಗಿದು ಹೊಲ ಶುರುವಾಗುವ ಕಡೆ ಒಂದು ತುಂಡು ನೆಲ ಇಟ್ಟುಕೊಂಡು, ಬಟನ್ ರೋಜಾ ಬೆಳೆದು ಹೊಸೂರಿನ ಹೂವಿನ ಮಾರ್ಕೆಟ್ಟಿಗೆ ಹಾಕುತ್ತಿದ್ದಳು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ವ್ಯಾಪಾರಕ್ಕೆ ತಮಿಳು, ಜಗಳಕ್ಕೆ ತೆಲುಗು. ಕನ್ನಡವನ್ನು ಮನೆಯವರಿಗೂ ಊರ ಮಾರಮ್ಮನಿಗೂ ಎತ್ತಿಟ್ಟಿದ್ದಳು. ನಾನು ಕಾಲೇಜು ಸೇರಿದ ಹೊಸದರಲ್ಲಿ ಒಮ್ಮೆ "ನೀವು" ಎಂದು ಕರೆದಿದ್ದಕ್ಕೆ, "ಯಾಕ್ಲಾ, ನಾನೇನ್ ತಾಸೀಲ್ದಾರಾ?" ಎಂದು ಉಣ್ಣಲಿಕ್ಕಿದ ತಟ್ಟೆಯನ್ನು ವಾಪಸ್ ಎಳೆದುಕೊಂಡಿದ್ದಳು.

ಮಾರಮ್ಮನನ್ನು ಕೇಳದೆ ಅವಳು ಒಂದು ಕಡ್ಡಿಯನ್ನೂ ಅತ್ತಿಂದಿತ್ತ ಇಡುತ್ತಿರಲಿಲ್ಲ. ನಮ್ಮ ಕಡೆ ಅದಕ್ಕೆ ಹೂ ಕೇಳುವುದು ಅನ್ನುತ್ತೇವೆ. ಪೂಜಾರಿ ಒದ್ದೆ ಹೂಗಳನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಎದುರಿಗೆ ಕೂರಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ಎಷ್ಟು ಹೊತ್ತಾದರೂ ಸರಿ, ಬೀಳುವ ಮುಂಚೆ ಎದ್ದು ಬರುವ ಹಾಗಿಲ್ಲ. ಅತ್ತೆ ಬೋರ್‌ವೆಲ್ಲಿಗೆ ಕೇಳಿದಳು, ಹಸು ಕೊಳ್ಳಲು ಕೇಳಿದಳು, ಒಮ್ಮೆ ಮಿಕ್ಸಿ ಕೊಳ್ಳಲಿಕ್ಕೂ ಕೇಳಿದಳು. "ಯಾವ ಕಂಪ್ನೀದು ಅಂತಾನೂ ಅಮ್ಮನ್ನೇ ಕೇಳ್ಬೇಕಿತ್ತು" ಎಂದು ರೇಗಿಸಿದರೆ, "ಅದ್ನ ನಿನ್ನ ಕೇಳ್ತೀನಿ ಬುಡ್ಲಾ, ನಿಂಗೂ ಒಂದು ಕೆಲ್ಸ ಬ್ಯಾಡ್ವಾ" ಅನ್ನುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ಅವಳನ್ನು ನನಗೇ ತಂದುಕೊಳ್ಳಬೇಕೆಂದು ಹಿರಿಯರಿಗೆ ಆಸೆಯಿತ್ತು. ಅವಳು ಬೇಡವೆಂದಳು, ಬುದ್ಧಿವಂತೆ. ರೈಲ್ವೆಯಲ್ಲಿ ಕೆಲಸವಿದ್ದ ಕೃಷ್ಣಗಿರಿಯ ತಮಿಳು ಹುಡುಗನನ್ನು ಮೆಚ್ಚಿ ಮದುವೆಯಾಗಿ ನಾಗಪುರಕ್ಕೆ ಹೋದಳು. ನನಗೂ ಅತ್ತೆಗೂ ಕಾರೋ ವಿಮಾನವೋ ಎಂಬ ಜಗಳ ಹತ್ತಿಕೊಂಡದ್ದು ಆಗಿನಿಂದ. ಫ್ಯಾಕ್ಟರಿ ಸೇರಿ ಕಾರು ಕೊಂಡಿದ್ದ ನನಗೆ ರಸ್ತೆಯ ಹುಚ್ಚು. ನಮ್ಮ ಹೊಸೂರನ್ನು ಸೀಳಿಕೊಂಡು ಹೋಗುವ ಹೆದ್ದಾರಿಯೇ ಬೆಂಗಳೂರು, ಹೈದರಾಬಾದ್ ದಾಟಿ ನಾಗಪುರ ಮುಟ್ಟುತ್ತದೆ. ವಿಮಾನ ಹತ್ತಬೇಕಾದರೂ ಗಡಿಯ ಜೂಜುವಾಡಿಯ ಲಾರಿಗಳ ಸಾಲನ್ನೂ ಇಡೀ ಬೆಂಗಳೂರನ್ನೂ ದಾಟಿ ಆ ತುದಿಗೆ ಹೋಗಬೇಕು, ಅಲ್ಲಿ ಬೆಲ್ಟು ಬಿಚ್ಚಿಕೊಂಡು ನಿಲ್ಲಬೇಕು. ಅಷ್ಟರಲ್ಲಿ ಆಂಧ್ರ ಮುಟ್ಟಿರಬಹುದು ಎಂಬುದು ನನ್ನ ವಾದ. ಅತ್ತೆ ಮಗಳ ಬಸಿರಿನ ಶಾಸ್ತ್ರಕ್ಕೆ ವಿಮಾನದಲ್ಲಿ ಹೋಗಿಬಂದವಳು, ಅದಕ್ಕೇ ಮನಸೋತಿದ್ದಳು. "ಮಗಳ ಮನೆ ದಾರೀಲಿ ನಂಗೇನ್ ನೋಡೋದೈತ್ಲಾ? ಕುಂತೆ, ಕಾಪಿ ಕುಡ್ದೆ, ಅವ್ಳ ಮುಂದೆ ನಿಂತಿದ್ದೆ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹೆರಿಗೆಗೆ ಹೋಗಲು ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಅವಳ ಬಲಗಣ್ಣಿಗೆ ಪರದೆ ಇಳಿಬಿಟ್ಟ ಹಾಗೆ ಕಪ್ಪು ಕವಿಯಿತು. ಕಣ್ಣೊಳಗಿನ ಪದರ ಕಿತ್ತುಬಂದಿದೆ ಎಂದು ಬೆಂಗಳೂರಿನಲ್ಲಿ ಆಪರೇಷನ್ ಮಾಡಿ, ಪದರವನ್ನು ಒತ್ತಿ ಹಿಡಿಯಲು ಒಳಗೆ ಗ್ಯಾಸ್ ತುಂಬಿ ಕಳಿಸಿದರು. ಅದು ತಾನಾಗಿ ಕರಗುವ ತನಕ ತಲೆ ಬಗ್ಗಿಸಿಯೇ ಇರಬೇಕು, ವಿಮಾನ ಹತ್ತಲೇಬಾರದು, ಹತ್ತಿದರೆ ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಎರಡೆರಡು ಸಲ ಹೇಳಿ, ಅವಳ ಮಣಿಕಟ್ಟಿಗೆ ಅದನ್ನೇ ಬರೆದ ಒಂದು ಹಸಿರು ಪಟ್ಟಿ ಕಟ್ಟಿದರು. ಅವಳಿಗಿದ್ದದ್ದು ಅದೊಂದೇ ಕಣ್ಣು.

ನಾಗಪುರದಲ್ಲಿ ಹೆಣ್ಣು ಮಗು ಹುಟ್ಟಿತು. ಅತ್ತೆ ಮುಖ ದಿಂಬಿಗೆ ಮಾಡಿಕೊಂಡೇ ಎಲ್ಲರಿಗೂ ಸಕ್ಕರೆ ಹಂಚಿಸಿದಳು. ಮೂರನೆಯ ದಿನ ಅಳಿಯನ ಫೋನು ಬಂತು. ಬಾಣಂತಿಗೆ ನಂಜೇರಿದೆ, ಐಸಿಯುಗೆ ಹಾಕಿದ್ದಾರೆ, ಅಮ್ಮನನ್ನು ಕೇಳುತ್ತಿದ್ದಾಳೆ.

ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸಂಜೆಯ ವಿಮಾನಕ್ಕೆ ಸೀಟಿತ್ತು. ಹತ್ತಿದರೆ ರಾತ್ರಿಗೆ ಮಗಳ ಪಕ್ಕದಲ್ಲಿರಬಹುದು. ಕಾರಿನಲ್ಲಿ ಎಷ್ಟು ಓಡಿಸಿದರೂ ಮರುದಿನವೇ. ನಾನು ಡಾಕ್ಟರಿಗೆ ಫೋನು ಮಾಡಿದೆ. ರಸ್ತೆಯಾದರೆ ಅಡ್ಡಿಯಿಲ್ಲ, ವಿಮಾನಕ್ಕೆ ನಾನು ಒಪ್ಪುವುದಿಲ್ಲ ಎಂದರು. ಅದನ್ನೇ ಅತ್ತೆಗೆ ಹೇಳಿದೆ.

"ಕಣ್ಣು ಓಗೋದಾದ್ರೆ ಓಗ್ಲಿ" ಅಂದಳು.

"ಕಣ್ಣು ಕಳ್ಕಂಡು ಹೋಗಿ ಅವಳ ಮುಖ ಹೆಂಗೆ ನೋಡ್ತೀಯ ಅತ್ತೆ?"

"ನಾನು ಅವ್ಳನ್ನ ನೋಡಕ್ಕೆ ಓಗ್ತಿಲ್ಲ ಕಣ್ಲಾ. ಅವ್ಳು ನನ್ನ ನೋಡ್ಲಿ ಅಂತ ಓಗ್ತಿದೀನಿ."

ನಾನು ಕಾರಿನ ಕೀ ತೆಗೆದುಕೊಂಡೆ. ಅಪ್ಪ ಮಾತ್ರ, ಹೂ ಕೇಳಿಯೇ ಹೊರಡಬೇಕು ಎಂದು ಹಟ ಹಿಡಿದರು. ಅವಳ ತಮ್ಮನಲ್ಲವೇ. ಮಾರಮ್ಮನ ಗುಡಿಯಲ್ಲಿ ಪೂಜಾರಿ ಹೂ ಅಂಟಿಸಿದ. ವಿಮಾನದಲ್ಲಿ ಹೋಗುವುದಾದರೆ ಬಲಗಡೆ ಕೊಡು ಎಂದು ಅಪ್ಪ ಕೇಳಿಕೊಂಡರು. ಅತ್ತೆ ತಲೆ ಬಗ್ಗಿಸಿ ಕೂತಳು. ಹೂ ಅಲುಗಲಿಲ್ಲ. ಪೂಜಾರಿ ಗಂಟೆ ಬಾರಿಸಿದ, ಅಮ್ಮನನ್ನು ಬೇಡಿದ, ಗದರಿದ. ಹೊರಗೆ ನನ್ನ ಕಾರಿನ ಇಂಜಿನ್ ಆನ್ ಇತ್ತು. ಜೂಜುವಾಡಿಯಲ್ಲಿ ಲಾರಿಗಳು ನಿಂತಿವೆಯೆಂದು ಯಾರೋ ಹೇಳಿದ್ದರು. ಹೂ ಬೀಳಲಿಲ್ಲ. ಅತ್ತೆ ಎದ್ದುಬಿಟ್ಟಳು.

"ಕುಂತ್ಕ ಅಕ್ಕ, ಅರ್ಧಕ್ಕೆ ಏಳ್ಬಾರ್ದು" ಎಂದರು ಅಪ್ಪ, ಹೆದರಿ.

"ಅವ್ಳು ಈ ಗುಡಿ ಬುಟ್ಟು ಎಲ್ಗೂ ಓಗಿಲ್ಲ, ಅವ್ಳ್ಗೇನ್ ಗೊತ್ತು" ಎಂದು ಅತ್ತೆ ಸೀದಾ ಬಂದು ಕಾರಿನಲ್ಲಿ ಕೂತಳು. ಮಿಕ್ಸಿಗೂ ಕಾದು ಕೂತಿದ್ದವಳು. ಅಪ್ಪನ ಮುಖ ಬಿಳಿಚಿಕೊಂಡದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಿಂದಿನ ಸೀಟಿನಲ್ಲಿ ಮಡಿಲ ಮೇಲೆ ದಿಂಬು, ದಿಂಬಿನ ಮೇಲೆ ಹಣೆ. ವಿಮಾನಕ್ಕಾದರೂ ಕಾರಿಗಾದರೂ ಏರ್‌ಪೋರ್ಟಿನ ತನಕ ದಾರಿ ಒಂದೇ ಆದ್ದರಿಂದ ಜಗಳವನ್ನು ಜೊತೆಯಲ್ಲೇ ಕರೆದುಕೊಂಡು ಹೋದೆವು. ಅತ್ತಿಬೆಲೆ ದಾಟುವಾಗ ಬೇಡಿಕೊಂಡೆ, ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಬೈದೆ. ಹೆಬ್ಬಾಳ ದಾಟಿ ರಸ್ತೆ ಬಿಡುವಾಯಿತು. ಇನ್ನು ಸ್ವಲ್ಪ ದೂರಕ್ಕೆ ಏರ್‌ಪೋರ್ಟಿನ ತಿರುವು. ಅಲ್ಲಿ ತಿರುಗಿದರೆ ವಿಮಾನ, ಸೀದಾ ಹೋದರೆ ನಾಗಪುರದ ರಸ್ತೆ.

ಆಗ ಅಳಿಯನ ಫೋನು. ಗಾಡಿ ಪಕ್ಕಕ್ಕೆ ಹಾಕಿ ಸ್ಪೀಕರಿಗಿಟ್ಟೆ. ಆದರೆ ಮಾತಾಡಿದ್ದು ಅಳಿಯನಲ್ಲ, ಮಗಳು. ನಡುನಡುವೆ ಉಸಿರು ಎಳೆದುಕೊಂಡು ಮಾತಾಡಿದಳು.

"ಅಮ್ಮ, ಎಂಗ್ ಬತ್ತಿದೀಯ?"

"ಏರೋಪ್ಲೇನಾಗೆ ಕಣವ್ವ. ರಾತ್ರಿಗೆ ಬಂದ್ಬುಡ್ತೀನಿ."

"ಬ್ಯಾಡ. ಕಾರಾಗೇ ಬಾ." ಸ್ವಲ್ಪ ಹೊತ್ತು ಬರೀ ಉಸಿರಿನ ಸದ್ದು. "ನನ್ ಮಗೀನ ನೋಡ್ಕಳಕ್ಕೆ ನಿಂಗೆ ಕಣ್ಣು ಬೇಕು."

ಆ ಕಡೆ ಯಾರೋ ನರ್ಸು ಹಿಂದಿಯಲ್ಲಿ ಗದರಿ ಫೋನು ತೆಗೆದುಕೊಂಡಳು, ಕಟ್ಟಾಯಿತು. ಆ ಮಾತಿನ ಅರ್ಥ ನನಗೂ ಆಯಿತು, ಅತ್ತೆಗೂ ಆಯಿತು. ಮಗುವನ್ನು ನೋಡಿಕೊಳ್ಳಲು ತಾನು ಉಳಿಯುವುದಿಲ್ಲ ಎಂದು ಆ ಹುಡುಗಿಗೆ ಗೊತ್ತಾಗಿಹೋಗಿತ್ತು. ನಾನು ಹಿಂದೆ ತಿರುಗಿ ನೋಡಲಿಲ್ಲ, ಧೈರ್ಯ ಬರಲಿಲ್ಲ. ಕಾರುಗಳು ಒಂದರ ಹಿಂದೊಂದು ನಮ್ಮನ್ನು ದಾಟಿ ಏರ್‌ಪೋರ್ಟಿಗೆ ತಿರುಗುತ್ತಿದ್ದವು. ಆಮೇಲೆ ದಿಂಬಿನೊಳಗಿಂದ ಅವಳ ದನಿ ಬಂತು.

"ಸೀದಾ ಹೊಡಿ."

ಹೊಡೆದೆ. ಕರ್ನೂಲು ದಾಟಿತು, ಹೈದರಾಬಾದ್ ದಾಟಿತು. ಎಲ್ಲಿದ್ದೇವೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ನನ್ನ ಕಣ್ಣು ಎಳೆಯತೊಡಗಿದ್ದು ಹೇಗೆ ಗೊತ್ತಾಯಿತೋ, ಬಂಕಿನಲ್ಲಿ ನಿಲ್ಲಿಸೆಂದಳು. ಬೇಡ ಅತ್ತೆ, ಹೊತ್ತಾಗುತ್ತೆ ಅಂದೆ. "ನಿಮ್ಮಮ್ಮಂಗೂ ನೀನೊಬ್ನೇ ಮಗ. ಮಲಕ್ಕ ಒಂದು ಗಳಿಗೆ" ಎಂದಳು. ಅವಳಿಗೆ ಒಂದೊಂದು ಗಳಿಗೆಯೂ ಮಗಳ ಆಯಸ್ಸಿನದು. ಅದರಲ್ಲೇ ನನಗೆ ನಿದ್ದೆ ಮಾಡಲು ಬಿಟ್ಟುಕೊಟ್ಟಳು, ತಾನು ಹಾಗೇ ಬಗ್ಗಿ ಕೂತಿದ್ದಳು.

ಬೆಳಕು ಹರಿದು ಆದಿಲಾಬಾದ್ ದಾಟಿದ ಮೇಲೆ ಅಳಿಯ ಮತ್ತೆ ಫೋನು ಮಾಡಿದ. ಈ ಸಲ ಕಿವಿಗಿಟ್ಟುಕೊಂಡೆ. ಅವನು ಹೇಳಿದ್ದಕ್ಕೆ "ಸರಿ" ಎಂದಷ್ಟೇ ಅಂದು ಇಟ್ಟೆ. ರಸ್ತೆ ಮುಂದೆ ಖಾಲಿಯಿತ್ತು. ಸ್ವಲ್ಪ ದೂರ ಹೋಗಿರಬೇಕು.

"ಯಾಕ್ಲಾ, ಗಾಡಿ ನಿಧಾನ ಆಯ್ತು?"

ನನ್ನ ಕಾಲು ತಾನಾಗಿ ಸಡಿಲವಾಗಿತ್ತು. "ರಸ್ತೆ ಸರಿಯಿಲ್ಲ ಅತ್ತೆ" ಅಂದೆ.

"ರಸ್ತೆ ಚೆನ್ನಾಗೈತೆ" ಅಂದಳು. ಅದೇ ದನಿಯಲ್ಲಿ ಕೇಳಿದಳು, "ಓಗ್ಬುಟ್ಳಾ?"

ಗಾಡಿ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವಳೂ ಅತ್ತಳು, ಬಾಯಿ ದಿಂಬಿಗೆ ಒತ್ತಿಕೊಂಡು. ತಲೆ ಮಾತ್ರ ಎತ್ತಲಿಲ್ಲ. ನಾಗಪುರ ಮುಟ್ಟುವ ತನಕ ಎತ್ತಲಿಲ್ಲ. ಎದೆ ಬಡಿದುಕೊಂಡು ಮೇಲೆ ನೋಡಿ ಅಳುವಷ್ಟೂ ತನಗೆ ಬಿಡುವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಲ್ಲಿ ಕೃಷ್ಣಗಿರಿಯಿಂದ ಅಳಿಯನ ತಾಯಿ ನಮಗಿಂತ ಮೊದಲೇ ಬಂದಿದ್ದರು. ನಾವು ಹತ್ತದೆ ಬಿಟ್ಟ ಅದೇ ಸಂಜೆಯ ವಿಮಾನದಲ್ಲಿ. ಅವರು ಕೆಟ್ಟವರಲ್ಲ, ಸೊಸೆಯ ಕೈ ಹಿಡಿದು ಕೂತಿದ್ದವರು. ದುಃಖದಲ್ಲಿ ಅಂದರು, "ನಾನ್ ವಂದುಟ್ಟೇನ್. ಪೆತ್ತ ಅಮ್ಮಾ ಕಾರ್‌ಲ ವರ್ರಾಂಗ." ನಾನು ಬಂದೆ, ಹೆತ್ತ ತಾಯಿ ಕಾರಿನಲ್ಲಿ ಬರುತ್ತಾಳೆ ಎಂದು. ಯಾರೋ ನನ್ನ ಕಡೆ ತಿರುಗಿ, ಈ ಹುಡುಗನಿಗೆ ಕಾರಿನ ಶೋಕಿ, ಇವನೇ ಹಾಗೆ ಮಾಡಿರಬೇಕು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಡುವೆ ಬಂದಳು.

"ಅವ್ನು ಏರೋಪ್ಲೇನೇ ಅಂದ. ನಾನೇ ಬ್ಯಾಡ ಅಂದೆ. ಇರೋದೊಂದು ಕಣ್ಣು, ಅದ್ರ ಮ್ಯಾಲೆ ಆಸೆಯಾಯ್ತು." ಕನ್ನಡದಲ್ಲಿ ಹೇಳಿ, ಅವರಿಗೆಲ್ಲ ತಿಳಿಯಲಿ ಎಂದು ಮತ್ತೆ ತಮಿಳಿನಲ್ಲಿ ಹೇಳಿದಳು.

ಸಂಸ್ಕಾರ ಮುಗಿದ ಮೇಲೆ ನಾನು ಕೇಳಿದೆ, ಮಗಳೇ ಕಾರಿನಲ್ಲಿ ಬಾ ಅಂದಳು ಅಂತ ಯಾಕೆ ಹೇಳಲಿಲ್ಲ ಎಂದು. ಮಗು ಅವಳ ತೊಡೆಯ ಮೇಲಿತ್ತು. ತಲೆ ಬಗ್ಗಿಸಿರಬೇಕಾದ್ದರಿಂದ ಅವಳು ದಿನವೆಲ್ಲ ಅದರ ಮುಖವನ್ನೇ ನೋಡುತ್ತಿದ್ದಳು. "ನನ್ನಿಂದ ಅಜ್ಜಿ ಅಮ್ಮನ್ ತಾವ ಬರ್ಲಿಲ್ಲ ಅಂತ ಈ ಕೂಸು ಬೆಳೀಬಾರ್ದು ಕಣ್ಲಾ. ಇವ್ಳು ದೊಡ್ಡೋಳಾಗೋ ತನ್ಕ ನೀನೂ ಬಾಯ್ ಬುಡ್ಬ್ಯಾಡ."

ಗ್ಯಾಸ್ ಕರಗುವ ತನಕ ಅಲ್ಲೇ ಇದ್ದು, ಮಗುವನ್ನು ಎತ್ತಿಕೊಂಡು ಅವಲಪಲ್ಲಿಗೆ ಬಂದಳು. ಅಳಿಯ ರಜೆ ಸಿಕ್ಕಾಗಲೆಲ್ಲ ಬಂದುಹೋಗುತ್ತಿದ್ದ. ಕಣ್ಣಿಗೋಸ್ಕರ ಮಗಳನ್ನು ಬಿಟ್ಟವಳು ಎಂಬ ಮಾತು ಅವಳಿಗಿಂತ ಮುಂಚೆ ಊರು ಸೇರಿತ್ತು. ಹೂ ಕೇಳಿ ಅರ್ಧಕ್ಕೆ ಎದ್ದದ್ದೂ ಅದಕ್ಕೆ ಸೇರಿಕೊಂಡಿತು. ಮಾರ್ಕೆಟ್ಟಿನಲ್ಲಿ ಹೂವಿನ ಹೆಂಗಸರು ಅವಳ ಎದುರೇ ಅಂದರು. ತೆಲುಗಿನಲ್ಲಿ ಜಗಳಕ್ಕಿಳಿಯುವವಳು ಆ ಒಂದು ಮಾತಿಗೆ ಮಾತ್ರ ತಿರುಗಿ ಮಾತಾಡಲಿಲ್ಲ. ಅವತ್ತು ಹೂ ಯಾವ ಕಡೆ ಬಿತ್ತು ಎಂದು ಪೂಜಾರಿ ಹೇಳಲು ಬಂದಾಗ, "ಬುಡಪ್ಪ, ಆಗೋಯ್ತಲ್ಲ" ಎಂದು ಕಳಿಸಿದಳು. ಮತ್ತೆ ಯಾವುದಕ್ಕೂ ಅವಳು ಹೂ ಕೇಳಲಿಲ್ಲ.

ಆ ಕಣ್ಣನ್ನು ಅವಳು ದುಡಿಸಿಕೊಂಡಳು. ಮೊಮ್ಮಗಳ ತಲೆಯ ಹೇನು ತೆಗೆದಳು, ಅಂಗಿಗೆ ಗುಂಡಿ ಹೊಲಿದಳು, ಅವಳ ಕೈಗೆ ಕೊಡುವ ರೋಜಾದ ಒಂದೊಂದು ಮುಳ್ಳನ್ನೂ ಮುರಿದು ಕೊಟ್ಟಳು. ಸ್ಕೂಲು ವ್ಯಾನು ತಿರುವು ದಾಟಿ ಮರೆಯಾಗುವ ತನಕ ತಲೆ ವಾರೆ ಮಾಡಿಕೊಂಡು ನಿಂತಿರುತ್ತಿದ್ದಳು. ನನ್ನ ಮೇಲೆ ಅವಳ ಋಣವಿದೆ. ನನ್ನ ಮೇಲೆ ಬೀಳುವ ಮಾತನ್ನೂ ಸತ್ತ ಮಗಳ ಮೇಲೆ ಬೀಳುವ ಮಾತನ್ನೂ ಅವಳು ತಾನೇ ಹೊತ್ತಳು, ಬದುಕಿರುವ ತನಕ ಇಳಿಸಲಿಲ್ಲ.

ಹೋದ ಬೇಸಿಗೆಯಲ್ಲಿ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ತಿಥಿಯ ದಿನ ಯಾರೋ ಹೆಂಗಸು, ಸತ್ತವಳ ಒಳ್ಳೆಯದನ್ನೆಲ್ಲ ಹೇಳಿ ಮುಗಿಸಿ, ಹಳೆಯದನ್ನೂ ಎತ್ತಿದಳು. ಮೊಮ್ಮಗಳು ಅಲ್ಲೇ ಎಲೆ ಹಾಕುತ್ತಿದ್ದಳು. ಐದನೇ ಕ್ಲಾಸಿನ ಹುಡುಗಿ. ಕೈಲಿದ್ದ ಎಲೆಗಳನ್ನು ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ಮಾಮ, ಅಜ್ಜಿಗೆ ಕಣ್ಣಂದ್ರೆ ಅಷ್ಟೊಂದು ಆಸೆ ಇತ್ತಾ?"

"ಇತ್ತು ಕಣವ್ವ" ಅಂದೆ.

ಯಾಕೆ ಎಂದು ಅವಳು ಕೇಳಲಿಲ್ಲ. ಕೇಳುವ ವಯಸ್ಸು ಬಂದಾಗ ಓದಲಿ ಎಂದು ಬರೆದಿದ್ದೇನೆ.