ಕಾಗೆಗೆ ಇಟ್ಟ ಎಡೆ, ಟಿಟ್ಟಿಭದ ಮೊಟ್ಟೆ

ಕಾರ್ಕ್ ನಗರದಲ್ಲಿ ಹಾಲಿಹಿಲ್ ಬಡಾವಣೆ ದಾಟಿದರೆ ಊರು ಥಟ್ಟನೆ ಮುಗಿದು ಹೊಲ ಶುರುವಾಗುತ್ತದೆ. ಆ ಅಂಚಿನಲ್ಲಿದೆ ನಮ್ಮ ಬಾಡಿಗೆ ಮನೆ. ಅಡುಗೆಮನೆ ಕಿಟಕಿಯ ಎದುರು ಗಿಡ್ಡ ಕಲ್ಲುಗೋಡೆ, ಅದರಾಚೆ ಪಕ್ಕದ ರೈತರ ಬಾರ್ಲಿ ಹೊಲ. ಅವರು ಎಪ್ಪತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಹೋದ ವಸಂತದಲ್ಲಿ ಒಂದು ದಿನ ಅವರೇ ಬಂದು ಬಾಗಿಲು ತಟ್ಟಿ, ಹೊಲದ ನಡುವೆ ನೆಟ್ಟಿದ್ದ ಎರಡು ಬಿದಿರುಕಡ್ಡಿಗಳ ಹತ್ತಿರ ನನ್ನನ್ನು ಕರೆದೊಯ್ದರು. ನೆಲ ನೋಡಿ ಎಂದರು. ನೋಡಿದೆ, ಮಣ್ಣು. ಇನ್ನೂ ನೋಡಿ ಎಂದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಕಾಲಡಿ ಸಿಗುತ್ತಿದ್ದವು ನಾಲ್ಕು ಮೊಟ್ಟೆಗಳು! ಮಣ್ಣಿನದೇ ಬಣ್ಣ, ಮಣ್ಣಿನದೇ ಕಲೆಗಳು. ಗೂಡೂ ಇಲ್ಲ, ಬರೀ ಒಂದು ಕುಳಿ.

ಅವು ಇಲ್ಲಿನ ಟಿಟ್ಟಿಭದ ಮೊಟ್ಟೆಗಳು. ಅವರ ಹೊಲಕ್ಕೆ ಆ ಹಕ್ಕಿ ಬಂದು ಎಷ್ಟೋ ವರ್ಷಗಳಾಗಿತ್ತಂತೆ. ಅಷ್ಟು ಜಾಗಕ್ಕೆ ಟ್ರ್ಯಾಕ್ಟರ್ ಹಾಯಿಸದೆ ಬಿಟ್ಟಿದ್ದರು. ನಿಮ್ಮ ಕಿಟಕಿಗೆ ನೇರ ಕಾಣುತ್ತದೆ, ನರಿಯೋ ಕಾಗೆಯೋ ಬಂದರೆ ಫೋನ್ ಮಾಡಿ ಎಂದರು. ನಾನು ‘ಗ್ರ್ಯಾಂಡ್’ ಎಂದೆ, ಅಂದರೆ ಇಲ್ಲಿಯವರ ‘ಆಯ್ತು, ಸರಿ’. ಈ ದೇಶಕ್ಕೆ ಬಂದ ಮೇಲೆ ಯೋಚನೆ ಮಾಡದೆ ನನ್ನ ಬಾಯಿಗೆ ಬರುವ ಉತ್ತರ ಅದೊಂದೇ.

ಆಗ ಅಮ್ಮ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದಳು. ನಡುವೆ ಅಪ್ಪನ ಎರಡನೇ ವರ್ಷದ ತಿಥಿ ಬಿತ್ತು. ಪುರೋಹಿತರನ್ನು ಎಲ್ಲಿಂದ ತರುವುದು? ಅಮ್ಮ ಬೆಳಗ್ಗೆಯೇ ಮಿಂದು ಅಡುಗೆ ಮಾಡಿದಳು. ಅನ್ನ, ತುಪ್ಪ, ವಡೆ, ಮೇಲೆ ನಾಲ್ಕು ಕಾಳು ಎಳ್ಳು. ನಾನು ರಜೆ ಹಾಕಿದ್ದೆ. ಎಡೆಯನ್ನು ಕಲ್ಲುಗೋಡೆಯ ಮೇಲಿಟ್ಟು ಕೈಮುಗಿದೆವು. ಎಲ್ಲಿ ಇಡುತ್ತಿದ್ದೇವೆ ಎಂದು ನನಗೆ ಒಂದು ಕ್ಷಣವೂ ಹೊಳೆಯಲಿಲ್ಲ. ಅಷ್ಟು ಓದಿ ಏನು ಬಂತು?

ಕಾಗೆ ಕೂಡಲೇ ಬಂತು. ಮೈ ಬೂದು, ತಲೆ ರೆಕ್ಕೆ ಕಪ್ಪು.

“ನೋಡೇ, ನಮ್ಮೂರ್ ಕಾಗೆ ಥರಾನೇ ಐತೆ! ಕಾಯಿಸ್ಲೇ ಇಲ್ಲ ನಿಮ್ಮಪ್ಪ,” ಎಂದು ಅಮ್ಮ ಮುಖವರಳಿಸಿದಳು.

ಇನ್ನೊಂದೂ ಬಂತು. ನಾವಿಬ್ಬರು ಗೋಡೆಯ ಬಳಿ ನಿಂತದ್ದಕ್ಕೇ ಹೆದರಿ ಟಿಟ್ಟಿಭ ಮೊಟ್ಟೆಗಳನ್ನು ಬಿಟ್ಟು ಎದ್ದಿತ್ತು. ವಡೆ ಮುಗಿಸಿದ ಕಾಗೆಗಳು ಹಾರಿ ಹೋದದ್ದು ನೇರ ಕಡ್ಡಿಗಳ ಕಡೆಗೆ. ಒಂದು ಕಾಗೆ ಮೊಟ್ಟೆಯೊಂದನ್ನು ಕಚ್ಚಿಕೊಂಡು ಹಾರಿಯೇಬಿಟ್ಟಿತು. ಇನ್ನೊಂದು ಕಾಗೆ ಅಲ್ಲೇ ನಿಂತು ಮತ್ತೊಂದು ಮೊಟ್ಟೆಯನ್ನು ಕುಕ್ಕಿತು.

ಆಮೇಲೆ ಕಂಡದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಹಿಡಿಯಷ್ಟು ಮೈಯ ಆ ಹಕ್ಕಿ ಆಕಾಶದಿಂದ ಕಾಗೆಯ ತಲೆಗೇ ಎರಗಿತು. ಕೊಕ್ಕಿಲ್ಲ, ಉಗುರಿಲ್ಲ ಎಂಬಷ್ಟು ಮೆತ್ತಗಿನ ಜೀವ! ಮೇಲೇರಿತು, ಕಿರುಚಿತು, ಮತ್ತೆ ಎರಗಿತು. ಗಂಡುಹಕ್ಕಿ ಇನ್ನೊಂದು ಕಡೆಯಿಂದ ಮೇಲೆ ಬಿತ್ತು. ಕಾಗೆ ಬಗ್ಗಿತೇ ಹೊರತು ಕದಲಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಮಂಡಿನೋವೆಂದು ಮಹಡಿ ಹತ್ತದ ಅಮ್ಮ ಅಷ್ಟರಲ್ಲಿ ಗೇಟು ತೆಗೆದು ಹೊಲದಲ್ಲಿ ಓಡುತ್ತಿದ್ದಳು. ಬರಿಗಾಲು, ಕೈಯಲ್ಲಿ ಅನ್ನದ ಸೌಟು.

“ರೀ! ಸಾಕು ಬನ್ರೀ ಈಚೆ! ಹೊಟ್ಟೆ ತುಂಬ ಬಡಿಸಿದೀನಿ, ಇನ್ನೂ ಏನ್ರೀ ನಿಮ್ಗೆ? ಹುಟ್ಟಿದಾಗಿಂದ ಮೊಟ್ಟೆ ಮುಟ್ದೋರಲ್ಲ, ಈಗ ಪಾಪದ ಬಾಣಂತಿ ಮನೆಗೆ ನುಗ್ತೀರಾ? ನಾಚ್ಕೆ ಆಗಲ್ವಾ?”

ಕಾಗೆ ಎದ್ದು ಹೋಯಿತು. ಕುಳಿಯಲ್ಲಿ ಎರಡು ಮೊಟ್ಟೆ ಉಳಿದಿದ್ದವು. ಅಮ್ಮ ಅಲ್ಲೇ ಕಾವಲಿಗೆ ನಿಂತಳು.

ನಾನು ಫೋನ್ ಮಾಡಿದೆ. ರೈತರು ಬಂದರು. ಅಪ್ಪನ ತಿಥಿ, ಎಡೆಯ ವಿಷಯ, ಕಾಗೆಯ ವಿಷಯ ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಅಮ್ಮನ ಕಡೆ ತಿರುಗಿ, ಟೋಪಿ ತೆಗೆದು, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತರು. ಆಮೇಲೆ ಮೆಲ್ಲಗೆ, ನಾವು ಇಲ್ಲಿ ನಿಂತಷ್ಟು ಹೊತ್ತು ತಾಯಿ ಬರುವುದಿಲ್ಲ, ಮೊಟ್ಟೆ ತಣ್ಣಗಾಗುತ್ತವೆ, ಒಳಗೆ ಹೋಗೋಣ ಎಂದರು. ಅಮ್ಮನಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

“ಬಿಟ್ಟು ಹೋಗೋದಾ? ಅವು ಮತ್ತೆ ಬಂದ್ರೆ?”

“ಬಂದ್ರೆ ಬರ್ತವೆ ಅಮ್ಮ. ಬಾ.”

ಕಿಟಕಿಯ ಹಿಂದೆ ಮೂವರೂ ನಿಂತೆವು. ಟಿಟ್ಟಿಭ ಹೊಲದ ಆ ತುದಿಯಲ್ಲಿ ಇಳಿಯಿತು. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು. ಮತ್ತೆ ನಾಲ್ಕು ಹೆಜ್ಜೆ. ಕುಳಿಯ ಬಳಿ ಬಂದು ಕತ್ತು ಬಗ್ಗಿಸಿ ಬಹಳ ಹೊತ್ತು ನೋಡಿತು. ನಾಲ್ಕಿದ್ದಲ್ಲಿ ಎರಡು. ಹಕ್ಕಿ ಎದೆಯ ಗರಿ ಬಿಡಿಸಿ, ಮೈಯನ್ನು ಅತ್ತಿತ್ತ ಸರಿಪಡಿಸಿಕೊಂಡು, ಉಳಿದ ಎರಡರ ಮೇಲೆ ಕೂತಿತು. ಅದರ ಜುಟ್ಟು ಗಾಳಿಗೆ ಅಲುಗುತ್ತಿತ್ತು. ರೈತರು ಉಸಿರು ಬಿಟ್ಟರು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

“ಅವರನ್ನ ಬೈದು ಎರಡು ವರ್ಷ ಆಗಿತ್ತು ಕಣೇ,” ಎಂದಳು.