ಮಣಿಕಟ್ಟು ಮುರಿದ ದಿನಗಳು

ಪಾಳ್ಯದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರ್. ಮನುಷ್ಯನ ದೇಹದಲ್ಲಿ ಇನ್ನೂರಾರು ಮೂಳೆಗಳಿವೆ ಎಂದು ಪ್ರತಿವರ್ಷ ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೆ. ಅವುಗಳಲ್ಲಿ ಒಂದೇ ಒಂದು ಮೂಳೆಯ ಬೆಲೆ ನನಗೆ ಗೊತ್ತಾಗಿದ್ದು ಮಾತ್ರ ಮಂಜಿಗೆ ಒದ್ದೆಯಾಗಿದ್ದ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದ ದಿನ. ಬೀಳುವಾಗ ಬಲಗೈ ಊರಿದೆ. ಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್-ರೇ ತೋರಿಸಿದರು. "ಮುಂಗೈಯಲ್ಲಿ ಎರಡು ಮೂಳೆ ಅಂತ ನಿಮಗೆ ಗೊತ್ತೇ ಇದೆಯಲ್ಲ ಮೇಡಂ. ಹೆಬ್ಬೆರಳಿನ ಕಡೆಯದು ಮಣಿಕಟ್ಟಿನ ಹತ್ತಿರ ಮುರಿದಿದೆ. ಕೈ ಊರಿ ಬೀಳೋರಿಗೆ ಹೆಚ್ಚಾಗಿ ಇದೇ ಮುರಿಯೋದು." ಆರು ವಾರಕ್ಕೆ ಪ್ಲಾಸ್ಟರ್ ಹಾಕಿ ಕಳಿಸಿದರು.

ಹತ್ತು ದಿನ ರಜೆ ಹಾಕಿ ಮತ್ತೆ ಶಾಲೆಗೆ ಹೋದೆ. ನನ್ನ ಗಂಡ ಆನೇಮಹಲ್ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ಬೇಗ ಹೊರಡುವ ಮನುಷ್ಯ. ಹೊರಡುವ ಮುಂಚೆ ಪಾಪ, ನನಗೆ ಜಡೆ ಹಾಕಲು ಹೋಗಿ ಮೂರು ದಿನ ಸೋತರು. ನಾಲ್ಕನೆಯ ದಿನ ಕೂದಲಿಗೆ ಬರೀ ಒಂದು ಕ್ಲಿಪ್ ಸಿಕ್ಕಿಸಿಕೊಂಡು ಹೋದಾಗ ನಾನು ಅಕ್ಕ ಎಂದು ಕರೆಯುವ ಬಿಸಿಯೂಟದ ಅಡುಗೆಯವರು ನನ್ನನ್ನು ನೋಡಿದರು.

"ಏನ್ ಮೇಡಂ ಹಿಂಗ್ ಬಂದ್ಬುಟ್ಟಿದೀರ? ಬನ್ನಿ ಇಲ್ಲಿ," ಎಂದು ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಅಕ್ಕಿ ಬೇಯುವಷ್ಟರಲ್ಲಿ ಬಿಗಿಯಾಗಿ ಜಡೆ ಹೆಣೆದರು. ಆಮೇಲೆ ಅದು ದಿನದ ಕೆಲಸವಾಯಿತು.

ಹಾಗೆ ಕೂತಿದ್ದ ಒಂದು ದಿನ ಅವರ ಎಡಗೈ ನನ್ನ ಕಣ್ಣಿಗೆ ಬಿತ್ತು. ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಕೇಳಿದರೆ ಹೇಳಿದರು: "ಮದ್ವೆಗೆ ಮುಂಚೆ ಕಾಫಿ ಸ್ಟೋರ್ ಹತ್ರ ಮೂಟೆ ಸಮೇತ ಬಿದ್ದಿದ್ದೆ. ನಮ್ಮೂರೋರೇ ಒಬ್ರು ಬಿದಿರು ದಬ್ಬೆ ಕಟ್ಟಿದ್ರು. ಸೊಟ್ಟಕ್ಕೇ ಕೂಡ್ಕಂಬುಡ್ತು."

ಆರು ವರ್ಷ ಅವರು ಮಾಡಿದ ಅಡುಗೆ ಉಂಡಿದ್ದೆ. ಆ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

"ಅಲ್ಲ ಮೇಡಂ, ಮುರಿದಿದ್ದು ಕೂಡ್ಕಳೋದು ಹೆಂಗೆ? ಒಳಗೆ ಯಾರು ಬೆಸುಗೆ ಹಾಕ್ತಾರೆ?"

ಪರೀಕ್ಷೆಗೆಂದು ಎಷ್ಟೋ ಸಲ ಬರೆಸಿದ್ದ ಉತ್ತರವನ್ನು ಅಂದು ಮೊದಲ ಬಾರಿಗೆ ತಿಳಿಯಬೇಕೆಂದು ಕೇಳಿದವರಿಗೆ ಹೇಳಿದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಕಿವಿಯ ಆಲೆಯಷ್ಟು ಮೆತ್ತನೆಯ ಒಂದು ಸೇತುವೆ ಬೆಳೆಯುತ್ತದೆ, ನಿಧಾನಕ್ಕೆ ಅದರಲ್ಲಿ ಸುಣ್ಣದ ಅಂಶ ತುಂಬಿ ಗಟ್ಟಿಯಾಗುತ್ತದೆ. ಮೂಳೆ ಕಟ್ಟುವ ಜೀವಕೋಶಗಳೂ ಇವೆ, ಹೆಚ್ಚಾದದ್ದನ್ನು ಕೆತ್ತಿ ತೆಗೆಯುವ ಜೀವಕೋಶಗಳೂ ಇವೆ. ಮೂಳೆಯೆಂದರೆ ಒಣಗಿದ ಕೊರಡಲ್ಲ, ಜೀವ ಇರುವಂಥದ್ದು. ನಮ್ಮ ರಕ್ತ ಹುಟ್ಟುವುದೂ ಅದರ ಒಳಗಿನ ಮಜ್ಜೆಯಲ್ಲೇ. ಅವರು ಸೌಟು ಹಿಡಿದುಕೊಂಡೇ ಎಲ್ಲವನ್ನೂ ಕೇಳಿದರು.

ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಕೈ ನನ್ನದಲ್ಲವೆನಿಸಿತು. ಸೊರಗಿ, ಬಿಗಿದುಕೊಂಡು, ಸೀಮೆಸುಣ್ಣ ಹಿಡಿಯಲೂ ಬಗ್ಗುತ್ತಿರಲಿಲ್ಲ. ಡಾಕ್ಟರು ಹೇಳಿದ ವ್ಯಾಯಾಮವನ್ನು ನೋವಿಗೆ ಹೆದರಿ ತಪ್ಪಿಸುತ್ತಿದ್ದೆ. ಇದು ಅಡುಗೆಯವರಿಗೆ ಗೊತ್ತಾಯಿತು. ಮಾರನೆಯ ದಿನ ಊಟದ ಪಾತ್ರೆಗಳೆಲ್ಲ ತೊಳೆದಾದ ಮೇಲೆ, ಕುದಿಯುವ ನೀರಿಗೆ ಹಾಕಿ ಉಕ್ಕರಿಸಿದ ಅಕ್ಕಿ ಹಿಟ್ಟನ್ನು ಬಿಸಿಬಿಸಿಯಾಗಿಯೇ ನನ್ನ ಮುಂದಿಟ್ಟರು.

"ನಾದಿ. ನಮ್ಮನೆ ರಾತ್ರಿ ರೊಟ್ಟಿಗೆ ಹಿಟ್ಟು ಇದೇಯ."

"ಅಕ್ಕ, ನೋಯುತ್ತೆ."

"ನೋಯ್ಲಿ ಮೇಡಂ. ನಂಗೆ ಆವತ್ತು ಹಿಂಗ್ ಹೇಳೋರು ಯಾರೂ ಇರ್ಲಿಲ್ಲ. ನಿಮ್ ಕೈ ಹಿಂಗಾಗಾದು ಬ್ಯಾಡ."

ಕಣ್ಣಲ್ಲಿ ನೀರು ಬಂತು, ಆದರೂ ನಾದಿದೆ. ಹಿಟ್ಟಿನ ಬಿಸಿಗೆ ಕೀಲು ಸ್ವಲ್ಪ ಸಡಿಲವಾಯಿತು. ದಿನಾ ನಾದಿದೆ. ಮೂರು ವಾರಕ್ಕೆ ಮಣಿಕಟ್ಟು ತಿರುಗತೊಡಗಿತು. ಎರಡು ತಿಂಗಳಿಗೆ ಬೋರ್ಡಿನ ಮೇಲೆ ಬರೆದೆ.

ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ನನ್ನ ಕೈ ತಿರುಗಿಸಿ ನೋಡಿ, "ಯಾರ ಹತ್ತಿರ ಫಿಸಿಯೋಥೆರಪಿ ಮಾಡಿಸಿದ್ರಿ?" ಎಂದರು. ಜೊತೆಗೆ ಕರೆದುಕೊಂಡು ಹೋಗಿದ್ದ ಅಡುಗೆಯವರನ್ನು ತೋರಿಸಿದೆ. ಅವರ ಮೊಣಕೈಯದೂ ಎಕ್ಸ್-ರೇ ಆಯಿತು. ಆಪರೇಷನ್ ಮಾಡಿದರೆ ಸ್ವಲ್ಪ ನೆಟ್ಟಗಾಗಬಹುದು ಎಂದರು ಡಾಕ್ಟರು.

"ಬ್ಯಾಡ ಸಾ. ಕೆಲ್ಸಕ್ಕೆ ಏನೂ ತೊಂದ್ರೆ ಇಲ್ಲ," ಎಂದ ಅಕ್ಕ ಆ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟ್ ವರ್ಷ ಒಳಗೇ ಕೂತು ದುಡಿದೈತಲ್ಲ ಮೇಡಂ, ಪಾಪ."

ಹೊರಗೆ ಬಂದಾಗ ನಾನು ಹೇಳಬೇಕೆಂದುಕೊಂಡದ್ದನ್ನು ಹೇಳಿಬಿಟ್ಟೆ: "ಅಕ್ಕ, ಈ ಕೈ ನೀವು ಕೊಟ್ಟಿದ್ದು."

ಅವರಿಗೆ ಮುಜುಗರವಾಯಿತು. "ಏ, ಬುಡಿ ಮೇಡಂ. ಹೊಟ್ಟೆ ಹಸೀತಾ ಐತೆ," ಎಂದರು. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಹೋದೆವು. ಅಷ್ಟು ವರ್ಷದಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಉಂಡದ್ದು ಅದೇ ಮೊದಲು.