ಬೂದಿಯಿಲ್ಲದ ಒಲೆ

ಅಣೆಕಟ್ಟಿನ ಅಳತೆಯವರು ಬರುವ ಹಿಂದಿನ ದಿನ ಗಂಡಸರೆಲ್ಲ ಸಭೆ ಸೇರಿದರು. ಮುತ್ತಜ್ಜಂದಿರ ಕಾಲದಿಂದ ಆ ಕಣಿವೆಯಲ್ಲೇ ಹುಟ್ಟಿ ಅಲ್ಲೇ ಮಣ್ಣಾದ ಜನ ಅವರು. ಜಮೀನು ತಮ್ಮದೆನ್ನಲು ಒಂದು ಹಕ್ಕುಪತ್ರವೂ ಇಲ್ಲ. ವಾಸವಿರುವ ಮನೆಗೆ ಹಳದಿ ಬಣ್ಣ ಬಳಿದು ಬದಲಿ ಜಮೀನು ಕೊಡುತ್ತಾರೆ, ವಾಸವಿಲ್ಲದ್ದಕ್ಕೆ ಕೆಂಪು ಬಳಿದು ಕೆಡವುತ್ತಾರೆ ಎಂದು ಸುದ್ದಿ ಬಂದಿತ್ತು. ಗಂಡಸರು ಗಂಟಲು ಹರಿಯುವಂತೆ ಕೂಗಾಡಿ ಊಟಕ್ಕೆ ಮನೆಗೆ ಬಂದರು.

"ನಾಳೆ ದೊಡ್ಡೋರು ಒಳಗೆಲ್ಲ ನೋಡ್ತಾರೆ. ನನ್ನ ಮರ್ಯಾದೆ ತೆಗೀಬೇಡ," ಎಂದ ಗಂಡ, ಹೆಂಡತಿ ನೀರು ಹಾಕಲೆಂದು ಎಂಜಲು ಕೈ ಚಾಚುತ್ತ.

ಅದನ್ನು ಅವಳಿಗೆ ಹೇಳಬೇಕೆ? ಕೇರಿಯೇ ಅವಳನ್ನು ಪೊರಕೆಯತ್ತೆ ಎನ್ನುತ್ತಿತ್ತು. ಮದುವೆಯಾಗಿ ಬಂದಂದು ಹಿಡಿದ ಪೊರಕೆಯನ್ನು ಕೆಳಗಿಟ್ಟದ್ದು ಹೆರಿಗೆಯಲ್ಲಿ ಮಾತ್ರ. ಹೊರಗಿನವರು ಬರುವಾಗ ಹಾಸಿಗೆ, ಮಸಿಪಾತ್ರೆ ಕಣ್ಣಿಗೆ ಬೀಳಬಾರದೆಂಬುದು ಅಲ್ಲಿನ ಹೆಂಗಸರ ರೂಢಿ.

ಬೆಳಿಗ್ಗೆ ಗಂಡನಿಗೆ ಬೇಯಿಸಿ ಹಾಕಿ, ಅವನು ಘೋಷಣೆ ಕೂಗಲು ರಸ್ತೆಗೆ ಹೋದ ಮೇಲೆ, ಅವಳು ಬೂದಿ ಬಳಿದು ತಿಪ್ಪೆಗೆ ಸುರಿದಳು. ಒಲೆಗೆ ಕೆಮ್ಮಣ್ಣು ಸಾರಿಸಿದಳು, ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿದಳು. ಹಾಸಿಗೆ, ಪಾತ್ರೆ ಎಲ್ಲ ಹೊತ್ತು ತೊಳೆಯಲು ಹಳ್ಳಕ್ಕೆ ನಡೆದಳು.

ಒದ್ದೆ ಕಂಬಳಿ, ಪಾತ್ರೆಗಳ ಗಂಟು ಹೊತ್ತು ಮರಳುವಾಗ ಪಕ್ಕದ ಮನೆಯ ಓರಗಿತ್ತಿಯ ಬಾಗಿಲಿಗೆ ಹಳದಿ ಬಿದ್ದಿತ್ತು. ಒಲೆ ತುಂಬ ಬೂದಿ, ನೊಣ ಮುತ್ತಿದ ತಟ್ಟೆ, ಮೂಲೆಯಲ್ಲಿ ಕೂಸಿನ ಉಚ್ಚೆಬಟ್ಟೆ. ಅಳತೆಯವನು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಒಪ್ಪಿದ್ದ. ಈಗ ಅವಳ ಬಾಗಿಲಲ್ಲಿ ಕೆಂಪು ಬಣ್ಣದ ಡಬ್ಬಿ ತೆರೆಯುತ್ತಿದ್ದರು.

"ಅಯ್ಯೋ ಸಾರ್, ಇದು ನನ್ನ ಮನೆ! ಬೆಳಿಗ್ಗೆ ಇಲ್ಲೇ ಬೇಯ್ಸಿದೀನಿ!"

"ಬೂದಿ ಎಲ್ಲಮ್ಮಾ? ಗೋಡೇಲಿ ಮಸಿ ಎಲ್ಲಿ? ಒಂದು ಚಾಪೆನಾದ್ರೂ ಇದ್ಯಾ? ಜಮೀನಿನ ಆಸೆಗೆ ರಾತ್ರೋರಾತ್ರಿ ಗುಡಿಸಲು ಎಬ್ಬಿಸೋರನ್ನ ಬೇಕಾದಷ್ಟು ನೋಡಿದೀವಿ."

"ಸಾರಿಸಿದೀನಿ ಸಾರ್. ಹಾಸಿಗೆ ತಲೆ ಮೇಲೇ ಇದೆ, ನೋಡಿ!"

"ಅವ್ರು ನಮ್ಮಕ್ಕ ಸಾರ್, ಪಾಪ," ಎಂದಳು ಓರಗಿತ್ತಿ.

"ಅಕ್ಕ ಅಂದ್ಮೇಲೆ ನಿಮ್ಮನೇಲೇ ಇರೋರು ಅನ್ನಿ. ಒಂದು ಕುಟುಂಬಕ್ಕೆ ಎರಡು ಮನೆ ಬರೆಸ್ತೀರಾ?"

ಅವಳು ಗಂಟು ಎಸೆದು ತಿಪ್ಪೆಗೆ ಓಡಿದಳು. ಎರಡೂ ಕೈಯಲ್ಲಿ ಬೂದಿ ಬಾಚಿ ತಂದು ಒಲೆಗೆ ಸುರಿದಳು. ಹಸಿ ಕೆಮ್ಮಣ್ಣಿಗೆ ಬೂದಿ ಮೆತ್ತಿಕೊಂಡಿತು. ಬಣ್ಣದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಟಕ ಚೆನ್ನಾಗಿದೆ ಕಣಮ್ಮ. ಸ್ವಲ್ಪ ಮುಂಚೆ ಆಡಬೇಕಿತ್ತು." ನಗುತ್ತಲೇ ಕೆಂಪು ಬಳಿದ.

"ಒಲೆ ಸಾರಿಸು ಅಂತ ನಿಂಗೆ ಯಾರೇ ಹೇಳಿದ್ದು?" ಎಂದ ಸಂಜೆ ಬಂದ ಗಂಡ. ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು, ಅದರ ಹಿಡಿ ಮುರಿಯುವವರೆಗೂ ಬಾರಿಸಿದ.

ಕಣಿವೆ ಈಗ ನೀರಿನಡಿಯಲ್ಲಿದೆ. ಬದಲಿ ಊರಿನಲ್ಲಿ ಓರಗಿತ್ತಿಗೆ ಎರಡು ಕೋಣೆಯ ಮನೆ, ಹಿಂದೆ ಹೊಲ. ಇವಳ ಗಂಡ ಆ ತಮ್ಮನ ಹೊಲದಲ್ಲೇ ಕೂಲಿ. ಇವಳಿಗೆ ಜಗಲಿಯಲ್ಲೊಂದು ಚಾಪೆಯಗಲ ಜಾಗ.

"ಅಕ್ಕಾ," ಓರಗಿತ್ತಿ ಒಳಗಿನಿಂದ ಕೂಗುತ್ತಾಳೆ, "ಒಲೆ ಬೂದಿ ಬಳಿದು ಸಾರಿಸಿಬಿಡಿ. ನಿಮ್ಮಷ್ಟು ಚೊಕ್ಕ ನಂಗೆಲ್ಲಿ ಬರುತ್ತೆ?"

ಅವಳು ಎದ್ದು ಹೋಗಿ ಸಾರಿಸುತ್ತಾಳೆ.